ಎರಡು ಅಂಕಣದಿಂದ ಶುರುವಾಗಲಿ ಮನೆ

ಸಾಲದ ಮನೆಯ ಭಾರ ಹೊರಲಾಗದ ಅಮೆರಿಕನ್ನರಲ್ಲಿ ಕೆಲವರು ಈಗ 400 ಚದರ ಅಡಿಯೊಳಗಿನ ಪುಟ್ಟ ಮನೆಗಳತ್ತ ಹೊರಳಿದ್ದಾರೆ. ಅಲ್ಲಿನ 2018ರ ಮಾದರಿ ಕಟ್ಟಡ ಸಂಹಿತೆ ಅಂಥ ಮನೆಗಳಿಗೆಂದೇ ನಿಯಮ ರೂಪಿಸಿತು. ಹಿರಿಯೂರು ತಾಲ್ಲೂಕಿನ ಹಟ್ಟಿ, ತಾಂಡಾಗಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇದ್ದರೆ ಸಾಕು. ಸಣ್ಣ ಮನೆ ನಮಗೆ ಆಗಲೇ ಬಂದಿದೆ. ಅದು ಬೆಳೆಯಲು ದಾರಿ ಬಿಟ್ಟಿದ್ದೇವೆಯೇ ಎಂದು ಈಗ ಕೇಳಬೇಕಿದೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಅಳೆಯುತ್ತಿದ್ದುದೇ ಅಂಕಣದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ದಪ್ಪ ಮಣ್ಣಿನ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹದವಾಗಿ ಬಡಿದು ಕೂರಿಸಿದ ಮಣ್ಣು; ಬೇಸಿಗೆಯಲ್ಲೂ ಒಳಗೆ ತಂಪು. ಕೈಯಲ್ಲಿದ್ದಷ್ಟಕ್ಕೆ ಎರಡು ಅಂಕಣ ಎಬ್ಬಿಸಿ ಒಳಹೊಕ್ಕವರು ಮಗನ ಮದುವೆಗೋ ಒಳ್ಳೆಯ ಬೆಳೆ ಬಂದ ವರ್ಷಕ್ಕೋ ಇನ್ನೊಂದನ್ನು ಸೇರಿಸುತ್ತಿದ್ದರು. ಮಳೆ ನಂಬಿದ ಸಂಸಾರದ ಆದಾಯ ಏರಿಳಿದಂತೆಯೇ ಮನೆಯೂ ನಡೆಯುತ್ತಿತ್ತು.

ಇಂದಿನ ವಸತಿ ಯೋಜನೆಗಳು ಈ ನಡೆಯನ್ನು ಮರೆತಿವೆ. ಬಯಲು ಪ್ರದೇಶದಲ್ಲಿ ಆವಾಸ್ ಯೋಜನೆಯ ಸಹಾಯಧನ 1.20 ಲಕ್ಷ ರೂಪಾಯಿ. 270 ಅಡಿಗೆ ಹಂಚಿದರೆ ಚದರ ಅಡಿಗೆ 450 ರೂಪಾಯಿಯೂ ಬೀಳದು; ಆರ್‌ಸಿಸಿ ಮನೆಗೆ ಅದು ಯಾವ ಮೂಲೆಗೂ ಸಾಲದು. ಆದರೂ ಮತ್ತೊಂದು ಸಲ ಸಹಾಯ ಸಿಗದೆಂದು ಗೊತ್ತಿರುವುದರಿಂದ ಜನ ಒಂದೇ ಸಲಕ್ಕೆ ದೊಡ್ಡದಾಗಿ ತಳಪಾಯ ಹಾಕುತ್ತಾರೆ. ಕುರಿ ಮಾರಿ, ಸಂಘದ ಸಾಲ ಎತ್ತಿ ಲಿಂಟಲ್‌ವರೆಗೆ ಬರುವಷ್ಟರಲ್ಲಿ ಕೈ ಖಾಲಿ. ಕಂತು ಬಿಡುಗಡೆಯಾಗುವುದು ಹಂತ ಹಂತದ ಫೋಟೋ ನೋಡಿ. ಕೆಲಸ ನಿಂತರೆ ಹಣವೂ ನಿಂತಿತು. ಹೇಗೋ ಮುಗಿಸಿದವರ ತಾರಸಿಯ ಮೇಲೂ ಮುಂದೊಂದು ದಿನ ಮಹಡಿ ಎಬ್ಬಿಸಲೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿಯುತ್ತಿರುತ್ತವೆ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿ ಅತಿ ಬಡ ಕುಟುಂಬಗಳಿಗೆ ನಿವೇಶನದ ಜೊತೆ ಶೌಚಾಲಯ, ನೀರು, ಒಂದು ಕೋಣೆಯಂಥ ಅಡಿಪಾಯವನ್ನಷ್ಟೇ ಒದಗಿಸಿ, ಉಳಿದದ್ದನ್ನು ಅವರ ಕೈಗೇ ಬಿಟ್ಟರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ನಮ್ಮಲ್ಲಿ 20x30ರ ನಿವೇಶನವೆಂದರೆ 600 ಚದರ ಅಡಿ. ಸಣ್ಣ ಮನೆಯನ್ನು ಒಂದು ಬದಿಗೆ ಒತ್ತಿ ಕಟ್ಟಿದರೆ ಮುಂದಿನ ಅಂಕಣಕ್ಕೆ, ಕುರಿಮರಿಗೆ, ಕಾಳಿನ ಚೀಲಕ್ಕೆ ಜಾಗ ಉಳಿಯುತ್ತದೆ. ನಡುಮಧ್ಯೆ ಕೂರಿಸಿದರೆ ಸುತ್ತಲೂ ಯಾವುದಕ್ಕೂ ಬಾರದ ಓಣಿ.

ಬಡವರಿಗೆ ಗೂಡು ಸಾಕೆನ್ನುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಆರು ಜನರಿಗೆ 270 ಅಡಿ ಖಂಡಿತ ಸಾಲದು; ಅದನ್ನೇ ಪೂರ್ಣ ಮನೆಯೆಂದು ಕಡತ ಮುಚ್ಚುವುದನ್ನೇ ನಾನೂ ವಿರೋಧಿಸುತ್ತೇನೆ. ಆದರೆ ಸೂರಿಲ್ಲದೆ ಸಾಲ ಮಾತ್ರ ಉಳಿಸುವ ಅರ್ಧ ಮನೆಗಿಂತ, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗಬಹುದಾದ ಸಣ್ಣ ಮನೆ ಮೇಲು. ಮಣ್ಣು ಬಾಳಿಕೆ ಬರದು ಎನ್ನುವವರೂ ಇದ್ದಾರೆ. ಹಳೆಯ ಮಾಳಿಗೆಗಳು ಸೋರುತ್ತಿದ್ದವು, ನಿಜ. ಆದರೆ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದ್ದು ಇಂಥ ಅನುಮಾನಕ್ಕೆ ಉತ್ತರವಾಗಿಯೇ. ಬಿಸಿಲಿಗೆ ಕಾದ ಒಲೆಯಾಗುವ ತಗಡಿನ ಮನೆಗಳಿಗಿಂತ ಇದು ಹಿರಿಯೂರಿಗೆ ಒಗ್ಗುತ್ತದೆ.

ಎಲ್ಲಕ್ಕಿಂತ ಮೊದಲು ನೆಲ ತಮ್ಮದಾಗಬೇಕು. 2017ರಲ್ಲಿ ಜಾರಿಗೆ ಬಂದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ದಾಖಲೆಯಿಲ್ಲದ ಹಟ್ಟಿ, ತಾಂಡಾಗಳ ನಿವಾಸಿಗಳಿಗೆ ಹಕ್ಕುಪತ್ರದ ದಾರಿ ತೆರೆಯಿತು. ಹಕ್ಕುಪತ್ರದ ಬೆನ್ನಿಗೇ ಇ-ಸ್ವತ್ತು ದಾಖಲೆ ಕೈಸೇರದಿದ್ದರೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ. ಜೊತೆಗೆ, ಒಮ್ಮೆ ಪಕ್ಕಾ ಮನೆ ಕಟ್ಟಿದವರನ್ನು ಶಾಶ್ವತವಾಗಿ ಅನರ್ಹಗೊಳಿಸುವ ನಿಯಮ ಸಡಿಲವಾಗಲಿ. ಸಣ್ಣ ಮನೆಯನ್ನು ಅಚ್ಚುಕಟ್ಟಾಗಿ ಮುಗಿಸಿ ಐದು ವರ್ಷ ಬಾಳಿದ ಕುಟುಂಬಕ್ಕೆ ಮೂರನೆಯ ಅಂಕಣಕ್ಕೆಂದು ಎರಡನೆಯ ಸಣ್ಣ ಕಂತನ್ನು ರಾಜ್ಯ ಸರ್ಕಾರ ತನ್ನ ವಸತಿ ಯೋಜನೆಗಳಲ್ಲೇ ಮೊದಲು ಕೊಟ್ಟು ತೋರಿಸಲಿ.