ಕಟಾವಣೆ ಆಗಿದೆ, ಸರಿ. ಜಮೆ ಆಗಿದೆಯಾ?

ನಮ್ಮ ಅಮ್ಮ ಎಎನ್‌ಎಂ ಆಗಿದ್ದವರು. ಹಳ್ಳಿ ಹಳ್ಳಿ ತಿರುಗಿ ಪೋಲಿಯೊ ಹನಿ ಹಾಕಿ, ಬಸುರಿ-ಬಾಣಂತಿಯರ ಲೆಕ್ಕ ಬರೆದು, 2019ರಲ್ಲಿ ನಿವೃತ್ತರಾದರು. ಅಕ್ಕ ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಸ್ಟಾಫ್ ನರ್ಸ್ ಅಂದರೇನೇ ಊರಲ್ಲಿ ಅರ್ಥ ಆಗೋದು, ಹಾಗೇ ಕರೆಯೋಣ. ಇಬ್ಬರದೂ ಒಂದೇ ಇಲಾಖೆ, ಒಂದೇ ಸರ್ಕಾರ. ಆದರೆ ಪಿಂಚಣಿ ಮಾತು ಬಂದರೆ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡ್ತಾರೆ. ಅಮ್ಮನಿಗೆ ಪಿಂಚಣಿ ಅಂದರೆ ತಿಂಗಳು ತಿಂಗಳು ಬ್ಯಾಂಕಿಗೆ ಬರೋ ದುಡ್ಡು. ಅಕ್ಕನಿಗೆ ಅದು ಸಂಬಳದ ಚೀಟಿಯಲ್ಲಿ ಕೆಜಿಐಡಿ, ಇಜಿಐಎಸ್, ಪಿಟಿ ಅನ್ನೋ ಅಕ್ಷರಗಳ ಸಾಲಲ್ಲಿ ಕೂತಿರೋ ಇನ್ನೊಂದು ಕಟಾವಣೆ: ಎನ್‌ಪಿಎಸ್.

ಈ ವ್ಯತ್ಯಾಸಕ್ಕೆ ಕಾರಣ ಒಂದು ತಾರೀಕು. 2006ರ ಏಪ್ರಿಲ್ 1. ಕರ್ನಾಟಕ ಸರ್ಕಾರದ ಕೆಲಸಕ್ಕೆ ಆ ದಿನ ಅಥವಾ ಆಮೇಲೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್. ಕೇಂದ್ರದಲ್ಲಿ ಇದೇ ಗೆರೆ 2004ರ ಜನವರಿ 1ಕ್ಕೆ ಬಿತ್ತು. ಅಮ್ಮನ ಕಾಲದವರಿಗೆ ಪಿಂಚಣಿಗಾಗಿ ಸಂಬಳದಿಂದ ಏನೂ ಹಿಡಿಯುತ್ತಿರಲಿಲ್ಲ. ಜಿಪಿಎಫ್ ಅಂತ ಹಿಡಿಯುತ್ತಿದ್ದರು, ಆದರೆ ಅದು ಅವರದೇ ಉಳಿತಾಯ. ಪೂರ್ತಿ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿ ಸರ್ಕಾರ ತುಟ್ಟಿಭತ್ಯೆ ಏರಿಸಿದಾಗೆಲ್ಲ ಅಮ್ಮನ ಪಿಂಚಣಿಯೂ ಏರುತ್ತೆ.

ಅಕ್ಕ ಸೇರಿದ್ದು 2013ರಲ್ಲಿ. ಅವಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ 10 ಪ್ರತಿ ತಿಂಗಳು ಕಟಾವಣೆ. ಸರ್ಕಾರ ಅದೇ ಮೊತ್ತದ ಮೇಲೆ ಶೇ 14 ಹಾಕುತ್ತೆ (ಮೊದಲು ಶೇ 10 ಇತ್ತು). ಎರಡೂ ಸೇರಿ ಪ್ರಾನ್ ಅನ್ನೋ 12 ಅಂಕಿಯ ಖಾತೆಗೆ ಹೋಗಿ, ಅಲ್ಲಿಂದ ಪಿಂಚಣಿ ನಿಧಿಗಳ ಮೂಲಕ ಸರ್ಕಾರಿ ಬಾಂಡು, ಕಂಪನಿ ಬಾಂಡು, ಸ್ವಲ್ಪ ಷೇರು ಹೀಗೆ ಹೂಡಿಕೆ ಆಗುತ್ತೆ. ಒಂದು ಮಾತಲ್ಲಿ ಹೇಳೋದಾದ್ರೆ, ಅಮ್ಮನಿಗೆ ಸರ್ಕಾರ ಪಿಂಚಣಿಯ ಭರವಸೆ ಕೊಟ್ಟಿತ್ತು. ಅಕ್ಕನಿಗೆ ಕೊಟ್ಟಿರೋದು ವಂತಿಗೆಯ ಭರವಸೆ ಮಾತ್ರ. ಆಮೇಲೆ ಆ ದುಡ್ಡು ಎಷ್ಟು ಬೆಳೆಯುತ್ತೋ ಅಷ್ಟು.

ಈ ತಾರೀಕಿನ ಗೆರೆ ಎಷ್ಟು ಒರಟು ಅಂದ್ರೆ, 2006ರ ಏಪ್ರಿಲ್‌ಗೆ ಮುಂಚೆ ನೇಮಕಾತಿ ಅಧಿಸೂಚನೆ ಹೊರಟು, ಆಯ್ಕೆ ತಡವಾಗಿ, ಆಮೇಲೆ ಕೆಲಸಕ್ಕೆ ಸೇರಿದವರೂ ಎನ್‌ಪಿಎಸ್ ಕಡೆಗೇ ಬಿದ್ದಿದ್ದರು. ತಡ ಮಾಡಿದ್ದು ಅವರಲ್ಲ. ಇಂಥ ಸುಮಾರು 13,000 ನೌಕರರಿಗೆ ಹಳೆ ಪಿಂಚಣಿಗೆ ಬರೋ ಅವಕಾಶ ಕೊಟ್ಟ ಆದೇಶ ಬಂದಿದ್ದು 2024ರ ಜನವರಿಯಲ್ಲಿ. ನಿಮ್ಮ ಮನೆಯಲ್ಲಿ 2006, 2007ರ ಸುಮಾರಿಗೆ ಸೇರಿದವರಿದ್ದರೆ ನೇಮಕಾತಿ ಆದೇಶ ತೆಗೆದು ಅಧಿಸೂಚನೆಯ ದಿನಾಂಕ ಒಮ್ಮೆ ನೋಡಿ.

ಹಳೆ ಪಿಂಚಣಿ ವಾಪಸ್ ಬರುತ್ತಾ ಇಲ್ವಾ ಅನ್ನೋದು ಅಕ್ಕನ ಆಸ್ಪತ್ರೆಯ ವಾಟ್ಸ್‌ಆ್ಯಪ್ ಗುಂಪಿನ ನಿತ್ಯದ ಚರ್ಚೆ. ಆ ಬೇಡಿಕೆ ನ್ಯಾಯವಾದದ್ದೇ ಅಂತ ನನಗೂ ಅನಿಸುತ್ತೆ. ಆದರೆ ಆ ಗುಂಪಲ್ಲಿ ಯಾರೂ ಕೇಳದ ಒಂದು ಸಣ್ಣ ಪ್ರಶ್ನೆ ಇದೆ: ಈಗ ಹಿಡೀತಾ ಇರೋ ದುಡ್ಡು ಖಾತೆಗೆ ಸೇರ್ತಾ ಇದೆಯಾ?

ಅಕ್ಕ ಒಂದು ತಾಲ್ಲೂಕಿಂದ ಇನ್ನೊಂದಕ್ಕೆ ವರ್ಗ ಆದ ವರ್ಷ ಅವಳ ಖಾತೆಯಲ್ಲಿ ಐದು ತಿಂಗಳು ಖಾಲಿ ಇತ್ತು. ಸಂಬಳದ ಚೀಟಿಯಲ್ಲಿ ಐದೂ ತಿಂಗಳು ಕಟಾವಣೆ ಚೊಕ್ಕವಾಗಿ ಇದೆ. ಪ್ರಾನ್ ಖಾತೆಯ ಸ್ಟೇಟ್‌ಮೆಂಟಲ್ಲಿ ಆ ತಿಂಗಳುಗಳೇ ಇಲ್ಲ. ಅವಳ ಶೇ 10ಊ ಇಲ್ಲ, ಸರ್ಕಾರದ ಪಾಲೂ ಇಲ್ಲ. ಕೊನೆಗೆ ಗೊತ್ತಾಗಿದ್ದು, ಹೊಸ ಕಚೇರಿಯಿಂದ ಹೋದ ಪಟ್ಟಿಯಲ್ಲಿ ಪ್ರಾನ್‌ನ ಎರಡು ಅಂಕಿ ಅದಲು ಬದಲು ಆಗಿತ್ತು. ದುಡ್ಡು ಸಂಬಳದಿಂದ ಹೊರಟಿತ್ತು, ಯಾರ ಖಾತೆಗೂ ಸೇರದೆ ನಡುವೆ ಎಲ್ಲೋ ನಿಂತಿತ್ತು.

ನಾನು ಕೆಲಸ ಮಾಡೋದು ಪೇಮೆಂಟ್ ಸಾಫ್ಟ್‌ವೇರ್ ತಂಡದಲ್ಲಿ. ನಮ್ಮಲ್ಲಿ ಕಳಿಸಿದ ಲೆಕ್ಕ, ತಲುಪಿದ ಲೆಕ್ಕ ಎರಡನ್ನೂ ಹೊಂದಿಸಿ ನೋಡೋಕೆ ದಿನಾ ರಾತ್ರಿ ಒಂದು ಜಾಬ್ ಓಡುತ್ತೆ. ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಯಾರದೋ ಫೋನು ಬಡ್ಕೊಳ್ಳುತ್ತೆ. ಅಕ್ಕನ ವಿಷಯದಲ್ಲಿ ಹಾಗೆ ಬಡ್ಕೊಳ್ಳೋ ಫೋನು ಯಾವುದೂ ಇರಲಿಲ್ಲ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಬೇಕಾದವಳು ಅವಳೊಬ್ಬಳೇ, ಅದೂ ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ.

ಸರಿಪಡಿಸೋಕೆ ಏಳು ತಿಂಗಳು ಹಿಡೀತು. ಕೆಲಸಕ್ಕೆ ಬಂದಿದ್ದು ಬಾಯಿಮಾತಲ್ಲ, ಕಾಗದ. ಕಟಾವಣೆ ಆದ ತಿಂಗಳುಗಳ ಸಂಬಳದ ಚೀಟಿ, ಆ ತಿಂಗಳುಗಳು ಕಾಣದ ಸ್ಟೇಟ್‌ಮೆಂಟು, ಎರಡನ್ನೂ ಲಗತ್ತಿಸಿ ವೇತನ ಬಟವಾಡೆ ಅಧಿಕಾರಿಗೆ, ಅಂದರೆ ಎಲ್ಲರೂ ಡಿಡಿಒ ಅನ್ನೋರಿಗೆ, ಒಂದು ಮನವಿ. ಅದರ ಪ್ರತಿಗೆ ಸ್ವೀಕೃತಿ ಮೊಹರು. ಮೊಹರು ಇಲ್ಲದ ಮನವಿ ಕೊಟ್ಟಿಲ್ಲದಷ್ಟಕ್ಕೇ ಸಮ, ಸರ್ಕಾರಿ ಕಚೇರಿಗೆ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ. ಜೊತೆಗೆ ಖಾತೆಗಳ ಲೆಕ್ಕ ಇಡೋ ಸಂಸ್ಥೆಯ ಜಾಲತಾಣದಲ್ಲಿ ಲಾಗಿನ್ ಆಗಿ ದೂರು ದಾಖಲಿಸಿದರೆ ಟೋಕನ್ ಸಂಖ್ಯೆ ಸಿಗುತ್ತೆ. "ಟೋಕನ್ ನಂಬರ್ ಹೇಳಿದ ಮೇಲೆ ಕೇಸ್‌ವರ್ಕರ್ ಕುರ್ಚಿ ಕೊಟ್ರು ಕಣೇ" ಅಂತ ಅಕ್ಕ ನಕ್ಕಿದ್ದಳು.

ಐದು ತಿಂಗಳು ತಡ ಆದ್ರೆ ಏನಾಗುತ್ತೆ, ದುಡ್ಡು ಬಂತಲ್ಲ ಅನ್ನಬಹುದು. ಲೆಕ್ಕ ಸುಲಭ ಆಗಲಿ ಅಂತ ಮೂಲ ವೇತನ, ತುಟ್ಟಿಭತ್ಯೆ ಸೇರಿ 60,000 ರೂ. ಇಟ್ಟುಕೊಳ್ಳೋಣ. ನೌಕರಳ ಪಾಲು 6,000, ಸರ್ಕಾರದ್ದು 8,400, ತಿಂಗಳಿಗೆ 14,400. ಐದು ತಿಂಗಳಿಗೆ 72,000. ಇದು ಒಂದು ವರ್ಷ ಹೂಡಿಕೆ ಆಗದೆ ಕೂತರೆ, ವರ್ಷಕ್ಕೆ ಶೇ 8 ಬೆಳವಣಿಗೆ ಅಂತ ಹಿಡಿದರೂ 5,760 ರೂ. ಹೋಯಿತು. ಆ 5,760 ಮುಂದಿನ ಇಪ್ಪತ್ತು ವರ್ಷ ಬೆಳೆದಿದ್ದರೆ ಸುಮಾರು 27,000 ಆಗ್ತಿತ್ತು. ದೊಡ್ಡ ಮೊತ್ತ ಅಲ್ಲ ಅನಿಸಬಹುದು. ಆದರೆ ಇದು ದುಡ್ಡು ಕೊನೆಗೂ ಬಂದು ಸೇರಿದ ಕಥೆ. ಯಾರೂ ನೋಡದೇ ಇದ್ದಿದ್ದರೆ ಹೋಗ್ತಿದ್ದದ್ದು 27,000 ಅಲ್ಲ, ಪೂರ್ತಿ 72,000 ಮತ್ತು ಅದರ ಇಪ್ಪತ್ತು ವರ್ಷದ ಬೆಳವಣಿಗೆ.

ಹಾಗಾಗಿ ನಿಮ್ಮ ಅಕ್ಕನೋ ಅತ್ತಿಗೆಯೋ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಫಾರ್ಮಸಿಸ್ಟು, ಲ್ಯಾಬ್ ಟೆಕ್ನಿಷಿಯನ್ ಆಗಿದ್ದರೆ ಒಂದು ಭಾನುವಾರ ಕೂತು ಅವರ ಸ್ಟೇಟ್‌ಮೆಂಟ್ ತೆಗೆಯಿರಿ. ಪ್ರಾನ್ ಮತ್ತು ಪಾಸ್‌ವರ್ಡ್ ಇದ್ದರೆ ಫೋನಲ್ಲೇ ಆಗುತ್ತೆ. ಒಟ್ಟು ಮೊತ್ತ ನೋಡಿ ಖುಷಿಪಟ್ಟು ಮುಚ್ಚಬೇಡಿ. ವರ್ಷಕ್ಕೆ ಹನ್ನೆರಡು ತಿಂಗಳೂ ಇವೆಯಾ, ಪ್ರತಿ ತಿಂಗಳಿಗೂ ಎರಡೂ ಪಾಲು ಇವೆಯಾ, ಅದನ್ನ ನೋಡಿ. ಎಡವಟ್ಟು ಹೆಚ್ಚಾಗಿ ಆಗೋದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪ್ರಾನ್ ಬರೋ ಮುಂಚಿನ ತಿಂಗಳುಗಳಲ್ಲಿ. ಆಮೇಲೆ ವರ್ಗಾವಣೆ ಸಮಯದಲ್ಲಿ. ತುಟ್ಟಿಭತ್ಯೆ ಬಾಕಿ ಬಂದಾಗಲೂ ಅದರ ಮೇಲಿನ ವಂತಿಗೆ ಬಂದಿದೆಯಾ ನೋಡಬೇಕು.

ಹಾಗೇ ನಾಮಿನಿ ಹೆಸರು. ಮದುವೆಗೆ ಮುಂಚೆ ಸೇರಿದವರು ಅಪ್ಪನ ಹೆಸರೋ ಅಮ್ಮನ ಹೆಸರೋ ಕೊಟ್ಟಿರ್ತಾರೆ. ಎನ್‌ಪಿಎಸ್ ನಿಯಮದ ಪ್ರಕಾರ ಮದುವೆ ಆದ ಮೇಲೆ ಆ ಹಳೆ ನಾಮನಿರ್ದೇಶನ ಊರ್ಜಿತ ಅಲ್ಲ, ಹೊಸದು ಕೊಡಬೇಕು. ಅಕ್ಕನ ವಾರ್ಡಿನಲ್ಲಿ ಕೇಳಿದಾಗ ಆರು ಜನರಲ್ಲಿ ಬದಲಾಯಿಸಿದ್ದವರು ಒಬ್ಬರೇ.

ಅರವತ್ತಕ್ಕೆ ಕೈಗೆ ಏನು ಬರುತ್ತೆ? ಅದೇ 14,400 ರೂ. ಇಪ್ಪತ್ತು ವರ್ಷ, ಶೇ 8ರಂತೆ ಬೆಳೆದರೆ ಸುಮಾರು 85 ಲಕ್ಷ. (ಸಂಬಳ ಏರೋದೇ ಇಲ್ಲ ಅಂದುಕೊಂಡ ಲೆಕ್ಕ ಇದು, ಮತ್ತೆ ಶೇ 8 ನನ್ನ ಊಹೆ, ಯಾರ ಭರವಸೆಯೂ ಅಲ್ಲ.) ಇದರಲ್ಲಿ ಶೇ 60ರವರೆಗೆ, ಅಂದರೆ 51 ಲಕ್ಷ, ಒಟ್ಟಿಗೆ ತೆರಿಗೆ ಇಲ್ಲದೆ ತಗೋಬಹುದು. ಕನಿಷ್ಠ ಶೇ 40 ಕೊಟ್ಟು ವಿಮಾ ಕಂಪನಿಯಿಂದ ಆ್ಯನ್ಯುಟಿ ಕೊಳ್ಳಲೇಬೇಕು. ಆ್ಯನ್ಯುಟಿ ಅಂದರೆ ನೀವು ಗಂಟು ಕೊಡೋದು, ಅವರು ಬದುಕಿರೋವರೆಗೆ ತಿಂಗಳು ತಿಂಗಳು ಕೊಡೋದು. 34 ಲಕ್ಷಕ್ಕೆ ವರ್ಷಕ್ಕೆ ಶೇ 6.5 ಸಿಕ್ಕರೆ ತಿಂಗಳಿಗೆ ಸುಮಾರು 18,400 ರೂ. ಇದಕ್ಕೆ ತೆರಿಗೆ ಇದೆ. ಮಾಮೂಲಿ ಆ್ಯನ್ಯುಟಿಯಲ್ಲಿ ಇದು ಏರೋದೂ ಇಲ್ಲ. ಅರವತ್ತರಲ್ಲಿ 18,400, ಎಂಬತ್ತರಲ್ಲೂ 18,400.

ಹಳೆ ಲೆಕ್ಕದಲ್ಲಿ ಇದೇ ಸಂಬಳಕ್ಕೆ 30,000 ಬಂದು, ಅದು ಏರ್ತಾ ಹೋಗ್ತಿತ್ತು. ಎನ್‌ಪಿಎಸ್‌ನಲ್ಲಿ 51 ಲಕ್ಷ ಕೈಯಲ್ಲಿರುತ್ತೆ ನಿಜ. ಆದರೆ ನಮ್ಮ ಮನೆಗಳಲ್ಲಿ ನಿವೃತ್ತಿಯ ಇಡಿಗಂಟು ಎಲ್ಲಿ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಮಗಳ ಮದುವೆ, ಮಗನ ಸೈಟು. ಅಮ್ಮನ ಪಿಂಚಣಿಯನ್ನ ಹಾಗೆ ಒಂದೇ ಸಲ ಕೇಳೋಕೆ ಯಾರಿಗೂ ಆಗಲಿಲ್ಲ. ಅಕ್ಕ ಪೂರ್ತಿ 85 ಲಕ್ಷವನ್ನೂ ಆ್ಯನ್ಯುಟಿಗೆ ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಆಗ ತಿಂಗಳಿಗೆ 46,000ದ ಹತ್ತಿರ ಬರುತ್ತೆ. ಎಷ್ಟು ಜನ ಹಾಗೆ ಮಾಡ್ತಾರೆ ಅನ್ನೋದು ಬೇರೆ ಮಾತು.

ಗಲ್ಫಿಗೋ ಇಂಗ್ಲೆಂಡಿಗೋ ಹೋಗೋಕೆ ರಾಜೀನಾಮೆ ಕೊಡೋ ನರ್ಸ್‌ಗಳೂ ಇದ್ದಾರೆ. ಅರವತ್ತಕ್ಕೆ ಮುಂಚೆ ಖಾತೆ ಮುಚ್ಚಿಸಿದರೆ ಲೆಕ್ಕ ತಿರುಗುಮುರುಗು: ಶೇ 80 ಆ್ಯನ್ಯುಟಿಗೆ, ಕೈಗೆ ಶೇ 20. ಮುಚ್ಚದೆ ಸ್ವಂತ ಹೆಸರಲ್ಲಿ ಮುಂದುವರಿಸೋ ದಾರಿಯೂ ಇದೆ. ಇನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ತಂದ ಏಕೀಕೃತ ಪಿಂಚಣಿ, ಅಂದರೆ ಯುಪಿಎಸ್, ಕೇಂದ್ರದ ನೌಕರರದ್ದು. ರಾಜ್ಯದ ನರ್ಸ್‌ಗೆ ಅದು ತಾನಾಗೇ ಬರಲ್ಲ.

ಇಷ್ಟೆಲ್ಲ ಕಾಯಂ ನೌಕರರ ಮಾತಾಯಿತು. ಅಕ್ಕನ ಪಕ್ಕದ ಕೋಣೆಯಲ್ಲಿ ಲ್ಯಾಬ್ ನೋಡಿಕೊಳ್ಳೋ ಹುಡುಗ ಹೊರಗುತ್ತಿಗೆ. ಅವನದು ಇಪಿಎಫ್. ಅವನಿಂದ ಶೇ 12, ಏಜೆನ್ಸಿಯಿಂದ ಶೇ 12. ಏಜೆನ್ಸಿ ಪಾಲಿನ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತೆ, ಅದೂ 15,000 ರೂ. ಸಂಬಳದ ಮಿತಿಯವರೆಗೆ, ಅಂದರೆ ಹೆಚ್ಚೆಂದರೆ ತಿಂಗಳಿಗೆ 1,250. ಹತ್ತು ವರ್ಷ ಸೇವೆ ಆದರೆ ಮಾತ್ರ 58ಕ್ಕೆ ಪಿಂಚಣಿ. ಸೂತ್ರ ಇಷ್ಟೇ: ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 15,000 ಮತ್ತು ಹತ್ತು ವರ್ಷಕ್ಕೆ 2,143 ರೂ.

ಇಲ್ಲಿರೋ ಗುಂಡಿ ಬೇರೆ. ಟೆಂಡರ್ ಮುಗಿದು ಏಜೆನ್ಸಿ ಬದಲಾಗುತ್ತೆ, ಹುಡುಗ ಅದೇ ಕುರ್ಚಿಯಲ್ಲಿ ಇರ್ತಾನೆ, ಪಿಎಫ್ ಖಾತೆ ಮಾತ್ರ ಹೊಸದು. ಹಳೆಯದನ್ನ ಅದೇ ಯುಎಎನ್ ಅಡಿಯಲ್ಲಿ ವರ್ಗಾಯಿಸಿಕೊಂಡರೆ ಸೇವೆ ಸೇರುತ್ತಾ ಹೋಗುತ್ತೆ. ಪ್ರತಿ ಸಲ ಪಿಂಚಣಿ ದುಡ್ಡನ್ನೂ ಬಿಡಿಸಿಕೊಂಡರೆ ಹತ್ತು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ಮೂರು ಸಾವಿರವೋ ಹತ್ತು ಸಾವಿರವೋ ಕೈಗೆ ಬಂತು ಅಂತ ಅರ್ಜಿ ಹಾಕೋ ಮುಂಚೆ ಇದನ್ನ ಯಾರಾದ್ರೂ ಅವನಿಗೆ ಹೇಳಬೇಕು. ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ತೆಗೆದರೆ ಏಜೆನ್ಸಿ ನಿಜವಾಗಿ ಕಟ್ಟಿದೆಯಾ ಅನ್ನೋದೂ ಕಾಣುತ್ತೆ.

ಇನ್ನು ಆಶಾ ಕಾರ್ಯಕರ್ತೆಯರು. ಅವರಿಗೆ ಸಂಬಳ ಅಲ್ಲ, ಗೌರವಧನ. ಆದ್ದರಿಂದ ಎನ್‌ಪಿಎಸ್ ಇಲ್ಲ, ಇಪಿಎಫ್ ಇಲ್ಲ. ಅವರಿಗೆ ತೋರಿಸೋದು ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್. 29ರಲ್ಲಿ ಸೇರಿದರೆ ತಿಂಗಳಿಗೆ 100 ರೂ., ಕೇಂದ್ರವೂ 100 ಹಾಕುತ್ತೆ, 60ರ ಮೇಲೆ ತಿಂಗಳಿಗೆ 3,000. ಆದರೆ ಸೇರೋ ವಯಸ್ಸು 18ರಿಂದ 40. ಯೋಜನೆ ಶುರುವಾಗಿದ್ದೇ 2019ರಲ್ಲಿ. ಮೊದಮೊದಲ ತಂಡಗಳಲ್ಲಿ ಆಶಾ ಆಗಿ ಸೇರಿ, ಹತ್ತು ವರ್ಷಕ್ಕೂ ಮೇಲೆ ದುಡಿದಿದ್ದ ಎಷ್ಟೋ ಜನರಿಗೆ ಅಷ್ಟರಲ್ಲಿ ನಲವತ್ತು ದಾಟಿತ್ತು.

ಅಕ್ಕನಿಗೆ ಪರಿಚಯದ ಆಶಾ ಒಬ್ಬರಿಗೆ ಈಗ 49. ಅಕ್ಕನ ಸ್ಟೇಟ್‌ಮೆಂಟ್ ನೋಡಿಕೊಟ್ಟವಳು ಅಂತ ಗೊತ್ತಾಗಿ ನನಗೇ ಫೋನ್ ಮಾಡಿದ್ದರು. ವಯಸ್ಸು ನಲವತ್ತು ದಾಟಿದ್ದರೂ ಯಾರು ಬೇಕಾದರೂ ಬ್ಯಾಂಕಿನಲ್ಲಿ ಎನ್‌ಪಿಎಸ್ ಖಾತೆ ತೆರೆಯಬಹುದು, 500 ರೂಪಾಯಿಯಿಂದ ಶುರು ಮಾಡಬಹುದು ಅಂತ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ. "ಅದಕ್ಕೆ ಸರ್ಕಾರದ ಕಡೆಯಿಂದ ಎಷ್ಟು ಹಾಕ್ತಾರಮ್ಮ?"

ಏನೂ ಇಲ್ಲ ಅಂತ ಹೇಳಬೇಕಾಯಿತು.