ಬೇಲಿಯಾಚೆಯ ಚರಿತ್ರಕಾರರು

'ಹವ್ಯಾಸಿ' ಎಂಬ ಮಾತನ್ನು ನಾವು ತುಸು ಅಗ್ಗವಾಗಿಯೇ ಬಳಸುತ್ತೇವೆ. ವೃತ್ತಿಯಾಗಿ ಮಾಡಿದ್ದು ಗಟ್ಟಿ, ಹವ್ಯಾಸಕ್ಕಾಗಿ ಮಾಡಿದ್ದು ಹೊತ್ತು ಕಳೆಯುವ ಆಟ ಎಂಬ ಭಾವನೆ ಅದರ ಹಿಂದೆ ಅಡಗಿದೆ. ಹವ್ಯಾಸಿ ರಂಗಭೂಮಿಯ ಋಣ ಹೊತ್ತಿರುವ ಕನ್ನಡಿಗರಾದರೂ ಈ ಭ್ರಮೆಯನ್ನು ಬಿಡಬೇಕು. ಹವ್ಯಾಸವು ವಿದ್ವತ್ತಿನ ಮಟ್ಟಕ್ಕೆ ಏರಬಲ್ಲುದು, ಒಮ್ಮೊಮ್ಮೆ ನ್ಯಾಯಕ್ಕೆ ಕಣ್ಣೂ ಆಗಬಲ್ಲುದು ಎಂಬುದಕ್ಕೆ ವಿಮಾನವೀಕ್ಷಕರ ಕಥೆ ಒಳ್ಳೆಯ ನಿದರ್ಶನ.

ವಿಮಾನನಿಲ್ದಾಣದ ಬೇಲಿಯ ಹೊರಗೆ ದುರ್ಬೀನು, ಕ್ಯಾಮೆರಾ, ಟಿಪ್ಪಣಿ ಪುಸ್ತಕ ಹಿಡಿದು ಬಿಸಿಲು ಮಳೆಯೆನ್ನದೆ ನಿಲ್ಲುವ ಜನ ಇವರು. ಪ್ರತಿಯೊಂದು ವಿಮಾನದ ಮೈಮೇಲೂ ಅದರ ನೋಂದಣಿ ಗುರುತು ಇರುತ್ತದೆ. ಭಾರತದ ವಿಮಾನಗಳಿಗೆ ವಿ.ಟಿ., ಬ್ರಿಟನ್ನಿನವಕ್ಕೆ ಜಿ., ಅಮೆರಿಕದವಕ್ಕೆ ಎನ್. ಎಂಬುದು ಮೊದಲಕ್ಷರ. ಶಾಸನ ಸಂಶೋಧಕನಿಗೆ ಕಲ್ಲಿನ ಮೇಲಣ ಲಿಪಿ ಹೇಗೋ ಇವರಿಗೆ ಈ ಗುರುತು ಹಾಗೆ. ಒಂದು ವಿಮಾನ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಊರಿನ ಗುಜರಿಯಲ್ಲಿ ಕೊನೆಗೊಂಡಿತು ಎಂಬ ವಂಶಾವಳಿಯನ್ನು ಈ ಗುರುತಿನ ಎಳೆ ಹಿಡಿದು ಅವರು ಬರೆದಿಡುತ್ತಾರೆ.

ಈ ಅಭ್ಯಾಸ ಬಲಿತದ್ದು ಯುದ್ಧದ ಕಾಲದಲ್ಲಿ. 1940ರಲ್ಲಿ ಬ್ರಿಟನ್ನಿನ ರೇಡಾರ್ ಕೇಂದ್ರಗಳ ದೃಷ್ಟಿಯೆಲ್ಲ ಸಮುದ್ರದತ್ತ ನೆಟ್ಟಿತ್ತು. ಶತ್ರುವಿಮಾನ ದಡ ದಾಟಿ ಒಳನಾಡಿಗೆ ಬಂದ ಮೇಲೆ ಅದರ ಜಾಡು ಹಿಡಿಯಬೇಕಾದವರು ಅಬ್ಸರ್ವರ್ ಕೋರ್ ಎಂಬ ದಳದ ಸ್ವಯಂಸೇವಕರೇ. ಕಣ್ಣು ಕಿವಿಗಳೇ ಅವರ ಮುಖ್ಯ ಸಾಧನ. 1941ರಲ್ಲಿ ಆ ದಳಕ್ಕೆ 'ರಾಯಲ್' ಎಂಬ ಬಿರುದು ದೊರೆಯಿತು. ವಿಮಾನಗಳನ್ನು ಗುರುತಿಸಲು ಕಲಿಸುವ 'ದಿ ಏರೋಪ್ಲೇನ್ ಸ್ಪಾಟರ್' ಪತ್ರಿಕೆ ಹೊರಟದ್ದೂ ಅದೇ ವರ್ಷ. ಯುದ್ಧ ಮುಗಿಯಿತು, ಆಸಕ್ತಿ ಮುಗಿಯಲಿಲ್ಲ. 1948ರಲ್ಲಿ ಏರ್-ಬ್ರಿಟನ್ ಎಂಬ ಸಂಘ ಹುಟ್ಟಿತು. ಅದರ ಸದಸ್ಯರು ಸಂಬಳವಿಲ್ಲದೆ ಕಲೆಹಾಕಿದ ನೋಂದಣಿ ಚರಿತ್ರೆಗಳನ್ನು ಇಂದಿಗೂ ವಿಮಾನ ಇತಿಹಾಸಕಾರರು ಆಧಾರಗ್ರಂಥಗಳಂತೆ ಬಳಸುತ್ತಾರೆ.

ಅಂತರ್ಜಾಲ ಬಂದಾಗ ಈ ದುಡಿಮೆಗೆ ಹೊಸ ಕ್ಷೇತ್ರ ದೊರೆಯಿತು, ಹೊಸ ಅಪಾಯವೂ ದೊರೆಯಿತು. ಸ್ವೀಡನ್ನಿನ ವಿದ್ಯಾರ್ಥಿಯೊಬ್ಬ 1990ರ ದಶಕದಲ್ಲಿ ಆರಂಭಿಸಿದ ಏರ್‌ಲೈನರ್ಸ್ ಡಾಟ್ ನೆಟ್ ಎಂಬ ಚಿತ್ರಭಂಡಾರಕ್ಕೆ ಲೋಕದ ಮೂಲೆಮೂಲೆಯ ಹವ್ಯಾಸಿಗಳು ಲಕ್ಷಾಂತರ ಚಿತ್ರಗಳನ್ನು ಕಳುಹಿಸಿದರು. ಅವನ್ನು ಜರಡಿಯಾಡಿ ಆರಿಸಿದವರೂ ಸ್ವಯಂಸೇವಕರೇ. 2007ರಲ್ಲಿ ಅದು 82 ಲಕ್ಷ ಡಾಲರಿಗೆ ಅಮೆರಿಕದ ಕಂಪನಿಯೊಂದಕ್ಕೆ ಮಾರಾಟವಾಯಿತು; 2016ರಲ್ಲಿ ಮತ್ತೆ ಕೈ ಬದಲಾಯಿಸಿತು. ಕಟ್ಟಿದವನು ಮಾರಿದ್ದು ಕಾನೂನಿಗೆ ವಿರುದ್ಧವಲ್ಲ. ಚಿತ್ರಗಳ ಹಕ್ಕೂ ತೆಗೆದವರಲ್ಲಿಯೇ ಉಳಿಯಿತು. ಆದರೂ ಪ್ರಶ್ನೆಯೊಂದು ಉಳಿಯುತ್ತದೆ. ಊರೆಲ್ಲ ಸೇರಿ ತೋಡಿದ ಕೆರೆಯ ನೀರಿಗೆ ಬೆಲೆ ಕಟ್ಟುವಾಗ ಮಣ್ಣು ಹೊತ್ತವರನ್ನು ಕೇಳುವುದು ಬೇಡವೆ?

ಸಂತೆಯ ಕಾಟ ಒಂದಾದರೆ ಸಂಶಯದ ಕಾಟ ಇನ್ನೊಂದು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದಲ್ಲಿ 12 ಮಂದಿ ಬ್ರಿಟಿಷರೂ ಇಬ್ಬರು ಡಚ್ಚರೂ ಗೂಢಚರ್ಯೆಯ ಆರೋಪದ ಮೇಲೆ ಬಂಧಿತರಾದರು. ಮರುವರ್ಷ ಏಪ್ರಿಲಿನಲ್ಲಿ 8 ಮಂದಿಗೆ 3 ವರ್ಷ, ಉಳಿದ 6 ಮಂದಿಗೆ 1 ವರ್ಷ ಶಿಕ್ಷೆಯಾಯಿತು. ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. ನಮ್ಮ ದೆಹಲಿಯಲ್ಲಿಯೂ 2010ರಲ್ಲಿ ಇಬ್ಬರು ಬ್ರಿಟಿಷ್ ವೀಕ್ಷಕರು ಸೆರೆಸಿಕ್ಕು, ದಂಡ ತೆತ್ತು ಊರಿಗೆ ಮರಳಿದರು. ರಾಜ್ಯಕ್ಕೆ ಗುಟ್ಟುಗಳಿರುವುದು ಸಹಜ. ಅವನ್ನು ಕಾಯುವುದು ಅದರ ಧರ್ಮ. ಆದರೆ ದಾರಿಹೋಕನೂ ನೋಡಬಹುದಾದುದನ್ನು ನೋಡಿ ಬರೆದುಕೊಂಡರೆ ಅದು ಗುಟ್ಟಿನ ಕಳವಾಗುವುದು ಹೇಗೆ?

ಹೀಗೆ ನೋಡಿದ್ದರಿಂದ ಆದ ಉಪಕಾರ ಸಣ್ಣದಲ್ಲ. 2004ರ ಜನವರಿಯಲ್ಲಿ ಸ್ಪೇನಿನ ಪಾಲ್ಮಾ ನಿಲ್ದಾಣದಲ್ಲಿ ಹವ್ಯಾಸಿಯೊಬ್ಬ ಎನ್313ಪಿ ಎಂಬ ಗುರುತಿನ ಬೋಯಿಂಗ್ 737 ವಿಮಾನದ ಚಿತ್ರ ತೆಗೆದ. ಬೇರೊಬ್ಬನೆಂದು ತಪ್ಪಾಗಿ ತಿಳಿದು ಹಿಡಿಯಲಾಗಿದ್ದ ಖಾಲಿದ್ ಅಲ್-ಮಸ್ರಿ ಎಂಬ ಜರ್ಮನ್ ಪ್ರಜೆಯನ್ನು ಅಮೆರಿಕದ ಗುಪ್ತಚರ ಸಂಸ್ಥೆ ಅದೇ ತಿಂಗಳಲ್ಲಿ ಮ್ಯಾಸಿಡೋನಿಯಾದಿಂದ ಆಫ್ಘಾನಿಸ್ತಾನಕ್ಕೆ ಒಯ್ದದ್ದು ಆ ವಿಮಾನದಲ್ಲಿಯೇ. ಇಂಥ ಚಿತ್ರಗಳನ್ನು ಹಾರಾಟದ ದಾಖಲೆಗಳೊಡನೆ ಹೊಂದಿಸಿ ಪತ್ರಕರ್ತರು ಆ ಗುಪ್ತಯಾನಗಳ ಜಾಡು ಹಿಡಿದರು. 2012ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಲ್-ಮಸ್ರಿಯ ಪರವಾಗಿ ತೀರ್ಪಿತ್ತಿತು. ಚಿತ್ರ ತೆಗೆದವನಿಗೆ ರಾಜಕಾರಣದ ಉದ್ದೇಶವೇನೂ ಇದ್ದಿರಬೇಕಾಗಿರಲಿಲ್ಲ; ಅವನ ನಿಷ್ಪಕ್ಷಪಾತವಾದ ನೋಟವೇ ಸಾಕ್ಷ್ಯಕ್ಕೆ ಬಲವಾಯಿತು.

ನಮಗೂ ಈ ವಿಚಾರ ದೂರದ್ದಲ್ಲ. ವಿ. ಎಂ. ಘಾಟಗೆಯವರ ಎಚ್.ಟಿ.-2 ವಿಮಾನ 1951ರಲ್ಲಿ, ಕುರ್ಟ್ ಟ್ಯಾಂಕ್ ಅವರ ಮಾರುತ್ 1961ರಲ್ಲಿ ಮೊದಲು ಹಾರಿದ್ದು ಬೆಂಗಳೂರಿನ ಆಕಾಶದಲ್ಲಿಯೇ. 1965ರ ವಾಯುಯುದ್ಧದ ವಿಸ್ತಾರವಾದ ಚರಿತ್ರೆಯನ್ನು 2005ರಲ್ಲಿ ಪ್ರಕಟಿಸಿದ ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ವೃತ್ತಿಯಿಂದ ಯುದ್ಧದ ಇತಿಹಾಸಕಾರರಲ್ಲ. ಕಡತಗಳು ಬೀರುವಿನಲ್ಲಿ ಮಲಗಿರುವಾಗ ಎಚ್ಚರವಾಗಿರುವವನು ಹವ್ಯಾಸಿಯೇ.

ಆದುದರಿಂದ ಮಾಡಬೇಕಾದ ಕೆಲಸಗಳು ಎರಡು. ಬಯಲಿನಲ್ಲಿ ಕಾಣುವುದನ್ನು ನೋಡುವ ಹಕ್ಕನ್ನು ಕಾನೂನು ಸ್ಪಷ್ಟವಾಗಿ ಒಪ್ಪಬೇಕು. ನಿಷೇಧವಿರುವ ಕಡೆ ಅದನ್ನು ಫಲಕದಲ್ಲಿ ಬರೆದು ತಿಳಿಸಬೇಕು. ಎರಡನೆಯದು, ಹವ್ಯಾಸಿಗಳ ಸಂಗ್ರಹಗಳನ್ನು ನಮ್ಮ ವಿಶ್ವವಿದ್ಯಾನಿಲಯಗಳೂ ಗ್ರಂಥಾಲಯಗಳೂ ಓಲೆಗರಿಗಳಷ್ಟೇ ಗೌರವದಿಂದ ಬರಮಾಡಿಕೊಳ್ಳಬೇಕು. ಸಂಗ್ರಹಿಸಿದವನ ಕಾಲದೊಡನೆ ಸಂಗ್ರಹವೂ ಚದುರಿ ರದ್ದಿಯ ಅಂಗಡಿ ಸೇರುವುದನ್ನು ಓಲೆಗರಿಗಳ ವಿಷಯದಲ್ಲಿ ನಾವು ಸಾಕಷ್ಟು ಕಂಡಿದ್ದೇವೆ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಕೂಲಿ ಕೊಡಲಾಗದಿದ್ದರೆ ಹೋಗಲಿ, ನೆಲೆಯನ್ನಾದರೂ ಕೊಡೋಣ.