ರಜೆ ನಮಗೆ, ಬಡ್ಡಿಗಲ್ಲ

(1/6)
ಮೊದಲ ಸಂಬಳದಲ್ಲಿ ತಗೊಂಡ ಫೋನಿನ ಫೋಟೋ ಹಾಕಿದಾಗ ನೀವೆಲ್ಲ ಹಾರ್ಟ್ ಒತ್ತಿದ್ರಿ, ನೆನಪಿದೆಯಾ? ಇವತ್ತಿನ ಫೋಟೋ ನನ್ನ ಎಜುಕೇಶನ್ ಲೋನಿನ ಸ್ಟೇಟ್‌ಮೆಂಟ್. ಅಕೌಂಟ್ ನಂಬರ್ ಮುಚ್ಚಿದ್ದೀನಿ, ಮೊತ್ತ ಮುಚ್ಚಿಲ್ಲ.

ಯಾಕೆ ಅಂದ್ರೆ, ನಮ್ಮ ಕ್ಲಾಸಲ್ಲಿ ಯಾರ ಸಿಜಿಪಿಎ ಎಷ್ಟು, ಯಾರಿಗೆ ಎಷ್ಟು ಪ್ಯಾಕೇಜ್ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಯಾರ ತಲೆ ಮೇಲೆ ಎಷ್ಟು ಸಾಲ ಇದೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಈ ಮುಚ್ಚುಮರೆ ನಮಗೆ ಬಡ್ಡಿಗಿಂತ ದುಬಾರಿ ಬೀಳ್ತಿದೆ ಅನ್ನೋದು ನನ್ನ ಅಭಿಪ್ರಾಯ. ಪೂರ್ತಿ ಓದಿ, ಆಮೇಲೆ ಜಗಳ ಆಡಿ.

(2/6)
ಮೊದಲು ಲೆಕ್ಕ. ಓದೋ ವರ್ಷಗಳು, ಅದರ ಮೇಲೆ ಇನ್ನೊಂದು ವರ್ಷ ಕಂತು ಕಟ್ಟೋ ಹಾಗಿಲ್ಲ. ಇದಕ್ಕೆ ಮೊರಟೋರಿಯಂ ಅಂತಾರೆ. ನಾನು ಅದನ್ನ ರಜೆ ಅಂದ್ಕೊಂಡಿದ್ದೆ. ರಜೆ ಹೌದು, ಆದ್ರೆ ನಮಗೆ ಮಾತ್ರ. ಬಡ್ಡಿ ದಿನಾ ಡ್ಯೂಟಿ ಮೇಲೆ ಇರುತ್ತೆ.

ಲೆಕ್ಕ ಸುಲಭ ಆಗ್ಲಿ ಅಂತ ಬಡ್ಡಿ 10% ಅಂದ್ಕೊಳ್ಳಿ. ವರ್ಷಕ್ಕೆ 1 ಲಕ್ಷದಂತೆ 4 ವರ್ಷಕ್ಕೆ 4 ಲಕ್ಷ ಸಾಲ. ಮೊದಲ ಲಕ್ಷಕ್ಕೆ 5 ವರ್ಷದ ಸರಳ ಬಡ್ಡಿ 50 ಸಾವಿರ, ಎರಡನೇದಕ್ಕೆ 40, ಆಮೇಲೆ 30, ಕೊನೇದಕ್ಕೆ 20. ಒಟ್ಟು 1.4 ಲಕ್ಷ. ಅಂದ್ರೆ ಮೊದಲ ಕಂತು ಕಟ್ಟೋ ದಿನ ನಿಮ್ಮ ಸಾಲ 4 ಅಲ್ಲ, 5.4 ಲಕ್ಷ.

ಇದನ್ನ 10 ವರ್ಷದಲ್ಲಿ ತೀರಿಸಿದ್ರೆ ತಿಂಗಳಿಗೆ ಸುಮಾರು 7,140 ರೂಪಾಯಿ. ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗುತ್ತೆ. 15 ವರ್ಷಕ್ಕೆ ಎಳೆದ್ರೆ ಕಂತು 5,800ಕ್ಕೆ ಇಳಿಯುತ್ತೆ, ಆದ್ರೆ ಒಟ್ಟಾರೆ ಸುಮಾರು 1.9 ಲಕ್ಷ ಜಾಸ್ತಿ ಕಟ್ತೀರಿ. ಸರ್ವಜ್ಞ ಸಾಲದ ಬಗ್ಗೆ ಹೇಳಿದ್ದನ್ನ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ. ಸ್ಟೇಟ್‌ಮೆಂಟ್ ಓದೋದನ್ನ ಯಾರೂ ಹೇಳಿಕೊಡಲಿಲ್ಲ.

(3/6)
ಈಗ ನನ್ನ ಕಥೆ. 2022ರಲ್ಲಿ ಇಂಜಿನಿಯರಿಂಗ್ ಮುಗೀತು. ಕ್ಯಾಂಪಸ್ ಸೆಲೆಕ್ಷನ್ ಆಗಿತ್ತು, ಆದ್ರೆ ಜಾಯಿನಿಂಗ್ ಡೇಟ್ ಮುಂದೆ ಹೋಗ್ತಾ ಹೋಗ್ತಾ ಕೆಲಸಕ್ಕೆ ಸೇರಿದ್ದು 2023ರ ಮಾರ್ಚಲ್ಲಿ. ಕೈಗೆ 22 ಸಾವಿರ. ಪಿಜಿ, ಊಟ, ಬಸ್ ಪಾಸ್ ಕಳೆದು ಉಳಿದಿದ್ದರಲ್ಲಿ ಆ ಫೋನು, ಅದೂ ಕಂತಿನ ಮೇಲೆ.

ಜೂನಲ್ಲಿ ಲೋನಿನ ಕಂತು ಶುರುವಾಯ್ತು. ಕಟ್ಟಲಿಲ್ಲ. ಜುಲೈದೂ ಕಟ್ಟಲಿಲ್ಲ. ಬ್ಯಾಂಕಿನಲ್ಲಿ ಇದ್ದದ್ದು ಕಾಲೇಜಿನ ಕಾಲದ ಸಿಮ್ ನಂಬರ್, ಅದನ್ನ ಎಂದೋ ಬಿಟ್ಟಿದ್ದೆ. ಮೆಸೇಜ್ ಬರದೇ ಇದ್ದದ್ದು ಒಳ್ಳೇದೇ ಅನ್ನಿಸ್ತು. ಫೋನಿನ ಕಂತು ಮಾತ್ರ ಒಂದೂ ತಪ್ಪಿಸಲಿಲ್ಲ.

ಆಗಸ್ಟಲ್ಲಿ ಅಪ್ಪ ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸೋಕೆ ಸಾಲ ಕೇಳೋಣ ಅಂತ ಚನ್ನರಾಯಪಟ್ಟಣದ ಒಂದು ಬ್ಯಾಂಕಿಗೆ ಹೋದ್ರು. ಕಂಪ್ಯೂಟರ್ ನೋಡಿ, "ನಿಮ್ಮ ಹೆಸರಲ್ಲೇ ಬಾಕಿ ಇದೆಯಲ್ಲ ಯಜಮಾನ್ರೇ" ಅಂದ್ರಂತೆ. ಲೋನಿಗೆ ನನ್ನ ಜೊತೆ ಸೈನ್ ಹಾಕಿದ್ದು ಅವರೇ. ನಾನು ತಪ್ಪಿಸಿದ ಕಂತು ಅವರ ಸಿಬಿಲ್‌ನಲ್ಲೂ ಕೂತಿತ್ತು.

ರಾತ್ರಿ ಫೋನ್ ಮಾಡಿದ್ರು. ಬೈಯಲಿಲ್ಲ. "ಊಟ ಆಯ್ತೇನಪ್ಪಾ?" ಅಂದ್ರು. ಆಮೇಲೆ, "ಬ್ಯಾಂಕಿನೋರು ಏನೋ ಅಂದ್ರು, ನೀನೊಂದ್ಸಲ ನೋಡ್ಕೋ" ಅಂದ್ರು. ಅಷ್ಟೇ. ಆ ಫೋನಲ್ಲೇ ಕೇಳಿಸ್ಕೊಂಡೆ, ನಾನು ಕಂತು ಕಟ್ಟುತ್ತಿದ್ದ ಅದೇ ಫೋನು.

(4/6)
ಮಾರನೇ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಅಲ್ಲಿ ಇನ್ನೊಂದು ಏಟು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದು, ನಿಯಮಕ್ಕೆ ಹೊಂದೋ ವೃತ್ತಿಪರ ಕೋರ್ಸ್ ಓದ್ತಿದ್ರೆ, ಮೊರಟೋರಿಯಂ ಅವಧಿಯ ಬಡ್ಡಿಯನ್ನ ಕೇಂದ್ರ ಸರ್ಕಾರವೇ ಕಟ್ಟೋ ಯೋಜನೆ 2009ರಿಂದ ಇದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಬ್ಯಾಂಕಿಗೆ ಕೊಡಬೇಕಿತ್ತು. ನಾನು ಕೊಟ್ಟಿರಲಿಲ್ಲ, ಕೇಳೋ ಹೊತ್ತಿಗೆ ಸಮಯ ಮುಗಿದಿತ್ತು.

ಬ್ಯಾಂಕು ಹೇಳಬೇಕಿತ್ತು, ಕಾಲೇಜು ಹೇಳಬೇಕಿತ್ತು. ಅದು ನನ್ನ ಸಿಟ್ಟು, ಈಗಲೂ ಇದೆ. ಆದ್ರೆ ನನ್ನ ರೂಮ್‌ಮೇಟ್‌ಗೆ ಈ ಯೋಜನೆಯಲ್ಲಿ ದುಡ್ಡು ಬಂದಿತ್ತು! ನಾಲ್ಕು ವರ್ಷ ಒಂದೇ ರೂಮಲ್ಲಿ ಮಲಗಿದ್ವಿ. ಅವನೂ ಸಾಲದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮಿಬ್ಬರ ನಾಚಿಕೆಯ ಬೆಲೆ ನನಗೆ ಒಂದು ಲಕ್ಷಕ್ಕೂ ಮೇಲೆ.

(5/6)
"ಇರು ಮಗಾ, ರೈತರ ಸಾಲ ಮನ್ನಾ ಆದಂಗೆ ನಮ್ದೂ ಆಗುತ್ತೆ" ಅಂತ ಕಂತು ನಿಲ್ಲಿಸಿರೋರು ಗೊತ್ತು ನನಗೆ. 2018ರಲ್ಲಿ ರಾಜ್ಯದಲ್ಲಿ ಘೋಷಣೆ ಆದದ್ದು ಬೆಳೆ ಸಾಲದ ಮನ್ನಾ. ಓದಿನ ಸಾಲಕ್ಕೂ ರಿಯಾಯಿತಿ ಬೇಕು ಅಂತ ಕೇಳೋದು ನ್ಯಾಯವೇ, ನಾನೂ ಕೇಳ್ತೀನಿ. ಆದ್ರೆ ಕಾಯ್ತಾ ಕೂತ್ರೆ 90 ದಿನ ದಾಟಿದ ಮೇಲೆ ಖಾತೆ ಎನ್‌ಪಿಎ ಆಗುತ್ತೆ. ಆ ಹೆಸರು ಅಪ್ಪ ಅಮ್ಮನಿಗೂ ಅಂಟುತ್ತೆ.

ಹಾಗಾಗಿ ಇಷ್ಟು ಮಾಡಿ:

• ಕಂತು ಶುರುವಾಗೋ ಮೂರು ತಿಂಗಳು ಮೊದಲೇ ಬ್ಯಾಂಕಿಗೆ ಹೋಗಿ. ಬಡ್ಡಿ ಸೇರಿ ಒಟ್ಟು ಎಷ್ಟು, ಕಂತು ಎಷ್ಟು ಅಂತ ಬರೆಸ್ಕೊಳ್ಳಿ. ಮೊಬೈಲ್ ನಂಬರ್ ಬದಲಿಸಿ.
• ಸಂಬಳ ಬಂದ ಎರಡು ಮೂರು ದಿನಕ್ಕೆ ಆಟೋ ಡೆಬಿಟ್ ಇಡಿ. ತಿಂಗಳ ಕೊನೆಗೆ ಇಟ್ರೆ ಬೌನ್ಸ್ ಗ್ಯಾರಂಟಿ.
• ಕೆಲಸ ಇಲ್ವಾ? ಕಂತು ತಪ್ಪೋ ಮೊದಲೇ ಅರ್ಜಿ ಬರೆದುಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಮರುಪಾವತಿಗೆ 15 ವರ್ಷದವರೆಗೆ ಅವಕಾಶ ಇದೆ. ಅವಧಿ ಹೆಚ್ಚಿಸೋಕೆ ಕೇಳೋದು ಭಿಕ್ಷೆ ಅಲ್ಲ.
• ಇನ್ನೂ ಓದ್ತಿದ್ದೀರಾ? ಆದಾಯ ಪ್ರಮಾಣಪತ್ರ ಈ ವಾರವೇ ಕೊಡಿ. ಆದ್ರೆ ಆಗಿಂದಾಗಲೇ ಬಡ್ಡಿ ಕಟ್ಟಿ. ಮೊದಲ ಲಕ್ಷಕ್ಕೆ ತಿಂಗಳಿಗೆ ಬರೀ 830 ರೂಪಾಯಿ ಚಿಲ್ಲರೆ.
• ಬೋನಸ್ ಬಂದಾಗ ಅಸಲಿಗೆ ಹಾಕಿ. ಬಡ್ಡಿ ದರ ಫ್ಲೋಟಿಂಗ್ ಆಗಿದ್ರೆ ಬೇಗ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕೋ ಹಾಗಿಲ್ಲ.
• ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ಇದು ಆರ್‌ಬಿಐ ನಿಯಮ. ಸಾಲ ಇದೆ ಅಂತ ಮರ್ಯಾದೆ ಬಿಡಬೇಕಾಗಿಲ್ಲ.

(6/6)
"ಎಲ್ಲ ಸರಿ, ಆದ್ರೆ ಸಾಲದ ವಿಷಯ ಊರಿಗೆಲ್ಲ ಸಾರೋದಾ?" ಅಂತೀರಾ. ಊರಿಗೆ ಬೇಡ. ಮನೆಯಲ್ಲಿ ಒಬ್ಬರಿಗೆ, ಬ್ಯಾಂಕಲ್ಲಿ ಒಬ್ಬರಿಗೆ, ನಿಮ್ಮ ಹಾಗೇ ಕಟ್ತಿರೋ ಒಬ್ಬ ಗೆಳೆಯನಿಗೋ ಗೆಳತಿಗೋ ಹೇಳಿ, ಸಾಕು. ನಾವು ನಾಲ್ಕು ಜನ ಈಗ ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ದೀವಿ. ಪ್ರತಿ ತಿಂಗಳು 5ನೇ ತಾರೀಖು ಅದರಲ್ಲಿ ಒಂದೇ ಮಾತು: "ಕಟ್ಟಾಯ್ತು." ಯಾರದಾದ್ರೂ ಬರದೇ ಇದ್ರೆ ಫೋನ್ ಮಾಡ್ತೀವಿ. ಒಂದ್ಸಲ ನನ್ನದು ಬಂದಿರಲಿಲ್ಲ, ಒಬ್ಬಳು ಮೂರು ಸಾವಿರ ಹಾಕಿದ್ಲು. ಮುಂದಿನ ತಿಂಗಳು ವಾಪಸ್ ಕೊಟ್ಟೆ.

ಬಾಕಿ ಎರಡೂ ಕಂತು ತೀರಿಸಿದೆ. ಅಪ್ಪನ ಡ್ರಿಪ್ ಆ ವರ್ಷ ಆಗಲಿಲ್ಲ. ಬೇಸಿಗೆ ಕಳೆದ ಮೇಲೆ ಆಯ್ತು. ಅಷ್ಟರಲ್ಲಿ ಎಂಟು ಸಸಿ ಒಣಗಿದ್ವು. ಅಪ್ಪ ಅದನ್ನ ಇವತ್ತಿನವರೆಗೂ ನನ್ನ ಮುಂದೆ ಎತ್ತಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಆ ಸಾಲಿನ ಹತ್ರ ನಿಂತು ಬರ್ತೀನಿ.

ಫೈನಲ್ ಇಯರಲ್ಲಿರೋ ಒಬ್ಬ ಜೂನಿಯರ್‌ಗೆ ಇದನ್ನ ಕಳಿಸಿ. ನಿಮ್ಮ ಕಂತಿನ ಲೆಕ್ಕ ಅರ್ಥ ಆಗದಿದ್ರೆ ಡಿಎಂ ಮಾಡಿ, ಒಟ್ಟಿಗೆ ಕೂತು ನೋಡೋಣ. ಇನ್‌ಕಮ್ ಟ್ಯಾಕ್ಸ್ ಕಟ್ಟೋರಿಗೆ ಮುಂದಿನ ಸರಣಿ: ಸೆಕ್ಷನ್ 80ಇ.

#ಶಿಕ್ಷಣಸಾಲ #ಕಟ್ಟಾಯ್ತು #ಮೊದಲಸಂಬಳ